ಮುಚ್ಚುವ ಮುನ್ನ ವಾರ್ಡ್ ಸಮಿತಿ ನೋಡಲಿ

ಮಾನ್ಯ ಸಂಪಾದಕರೇ,

ವಾರ್ಡ್ ಸಮಿತಿಗಳ ಬಗ್ಗೆ ನಿಮ್ಮಲ್ಲಿ ಪ್ರಕಟವಾಗುತ್ತಿರುವ ಓದುಗರ ಪತ್ರಗಳೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿವೆ: ಸಮಿತಿಯಲ್ಲಿ ಯಾರಿರಬೇಕು? ಪಕ್ಷದವರಿರಬೇಕೋ ಬೇಡವೋ, ಕಾರ್ಪೊರೇಟರ್ ಹಿಂಬಾಲಕರನ್ನು ತುಂಬಿದ್ದಾರೋ ಇಲ್ಲವೋ, ಸಭೆಯ ನೋಟಿಸ್ ಎಷ್ಟು ದಿನ ಮೊದಲು ಬರಬೇಕು. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಸಮಿತಿ ಸೇರಿದ ಮೇಲೆ ಕಾಮಗಾರಿ ಸ್ಥಳಕ್ಕೆ ಹೋಗಿ ಏನು ನೋಡಬೇಕು, ಯಾವ ದಿನ ನೋಡಬೇಕು ಎಂಬುದರ ಬಗ್ಗೆ ಒಂದು ಸಾಲೂ ಕಾಣಲಿಲ್ಲ. ಪಾಲಿಕೆ ಕಾಮಗಾರಿಗಳ ಅಂದಾಜು, ಅಳತೆ, ಬಿಲ್ಲುಗಳ ಕೆಲಸ ಬಲ್ಲವರಾಗಿ ಆ ಕೊರತೆ ತುಂಬಲು ಈ ಪತ್ರ. ಉದ್ದವಾಗಿದೆ, ಕತ್ತರಿ ಹಾಕುವುದಾದರೆ ಕಾನೂನಿನ ಭಾಗಕ್ಕೆ ಹಾಕಿ, ಅಳತೆಯ ಭಾಗಕ್ಕೆ ಬೇಡ.

ಕಾನೂನು ಇಷ್ಟೇ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಯಾಯಿತು. 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಅದರ 243ಎಸ್ ವಿಧಿ ಹೇಳುತ್ತದೆ. ನಮ್ಮ ಕರ್ನಾಟಕ ಪೌರ ನಿಗಮಗಳ ಕಾಯ್ದೆ 1976ರದ್ದು. ಅದಕ್ಕೆ 2011ರಲ್ಲಿ ತಿದ್ದುಪಡಿಯಾಗಿ, ನಿಯಮಗಳು ಬರಲು 2016 ಆಯಿತು. ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ನಾಮನಿರ್ದೇಶಿತ ಸದಸ್ಯರು. ಅವರಲ್ಲಿ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ಪಾಲಿಕೆಯ ಮಟ್ಟದಲ್ಲಿ ನಗರ ಯೋಜನೆ ಮತ್ತು ಅಭಿವೃದ್ಧಿ ಸ್ಥಾಯಿ ಸಮಿತಿ, ಲೆಕ್ಕಪತ್ರ ಸ್ಥಾಯಿ ಸಮಿತಿ ಎಂಬ ಎರಡು ಬೇರೆ ಕಣ್ಣುಗಳೂ ಇವೆ. ಅಂದರೆ ನೋಡುವವರಿಗೆ ಬರವಿಲ್ಲ. ನೋಡುವ ದಿನ ತಪ್ಪಿದೆ.

ಗುದ್ದಲಿ ಪೂಜೆಯ ದಿನ ಎಲ್ಲರೂ ಬರುತ್ತಾರೆ, ಉದ್ಘಾಟನೆಯ ದಿನವೂ ಬರುತ್ತಾರೆ. ಪೂಜೆಯ ದಿನ ನೋಡಲು ಏನೂ ಇರುವುದಿಲ್ಲ. ಉದ್ಘಾಟನೆಯ ದಿನ ಕಾಣುವುದು ಮೇಲ್ಪದರ ಮಾತ್ರ. ಚರಂಡಿಯಾಗಲಿ ರಸ್ತೆಯಾಗಲಿ, ಹಣದ ದೊಡ್ಡ ಪಾಲು ಮುಚ್ಚಿಹೋಗುವ ಪದರಗಳಲ್ಲಿರುತ್ತದೆ: ಅಗೆತ, ತಳದಲ್ಲಿ ಹಾಸುವ ಬೆಡ್ ಕಾಂಕ್ರೀಟ್, ಕಬ್ಬಿಣ, ಜಲ್ಲಿಯ ತಳಪದರ, ಪೈಪಿನ ಕೆಳಗಿನ ಮರಳು. ಕಳಪೆ ನಡೆಯುವುದೂ ಅಲ್ಲೇ. ಹಾಗಾಗಿ ಸಮಿತಿ ಒಂದೇ ಒಂದು ಹಕ್ಕನ್ನು ಹಟ ಹಿಡಿದು ಕೇಳುವುದಾದರೆ ಅದು ಇದಾಗಬೇಕು: ಪ್ರತಿ ಪದರ ಮುಚ್ಚುವ ಹಿಂದಿನ ದಿನ ಇಬ್ಬರು ಸದಸ್ಯರಿಗೆ ಫೋನ್ ಬರಬೇಕು. ಇದನ್ನು ಮೊದಲ ಸಭೆಯ ನಡಾವಳಿಯಲ್ಲೇ ಬರೆಸಿಬಿಡಿ. ಜೆಇ (ಕಿರಿಯ ಎಂಜಿನಿಯರ್) ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಎಂಬುದೂ ನಡಾವಳಿಯಲ್ಲಿ ಇರಲಿ.

ಸ್ಥಳಕ್ಕೆ ಹೋಗುವ ಮೊದಲು ಕಾಗದ ಬೇಕು. ಕೇಳಬೇಕಾದವು ನಾಲ್ಕೇ: ಮಂಜೂರಾದ ಅಂದಾಜುಪಟ್ಟಿ, ಅಡ್ಡಕೊಯ್ತದ ನಕ್ಷೆ, ಗುತ್ತಿಗೆದಾರ ದರ ತುಂಬಿದ ಐಟಂವಾರು ಪರಿಮಾಣಪಟ್ಟಿ, ಮತ್ತು ಕಾರ್ಯಾದೇಶ. ‘ವಾರ್ಡಿನ ವಿವಿಧ ಕಡೆ ಚರಂಡಿ ಅಭಿವೃದ್ಧಿ’ ಎಂಬ ಹೆಸರಿನ ಕಾಮಗಾರಿ ಕಂಡರೆ ಅಲ್ಲೇ ನಿಲ್ಲಿಸಿ. ಯಾವ ಕ್ರಾಸು, ಯಾವ ಮನೆಯಿಂದ ಯಾವ ಮನೆವರೆಗೆ, ಎಷ್ಟು ಮೀಟರ್ ಎಂದು ಇಲ್ಲದ ಕಾಮಗಾರಿಯನ್ನು ಯಾರೂ ಅಳೆಯಲಾರರು. ಅದೇ ಚರಂಡಿಗೆ ಮುಂದಿನ ವರ್ಷ ಬೇರೆ ಲೆಕ್ಕಶೀರ್ಷಿಕೆಯಲ್ಲಿ ಇನ್ನೊಂದು ಬಿಲ್ ಹುಟ್ಟುವುದೂ ಇಂಥ ಹೆಸರುಗಳಿಂದಲೇ. ಒಂದೇ ರಸ್ತೆಯನ್ನು ಟೆಂಡರ್ ಕರೆಯಬೇಕಾದ ಮೊತ್ತಕ್ಕಿಂತ ಕೆಳಗೆ ಬರುವಂತೆ ಮೂರು ತುಂಡು ಮಾಡಿದ್ದಾರೆಯೇ, ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ಟೆಂಡರ್ ಇಲ್ಲದೆ ನೇರವಾಗಿ ಯಾರಿಗಾದರೂ ಕೊಟ್ಟಿದ್ದಾರೆಯೇ ಎಂಬುದೂ ಈ ಕಾಗದಗಳಲ್ಲೇ ಗೊತ್ತಾಗುತ್ತದೆ.

ಈಗ ಚರಂಡಿಯನ್ನೇ ತೆಗೆದುಕೊಳ್ಳೋಣ. ವಾರ್ಡಿನಲ್ಲಿ ಹೆಚ್ಚು ಬಾರಿ ಆಗುವ ಕೆಲಸ ಅದು, ಹೆಚ್ಚು ಬಾರಿ ಕೆಡುವುದೂ ಅದೇ.

ಒಳ ಅಗಲ 600 ಮಿ.ಮೀ., ಒಳ ಆಳ 750 ಮಿ.ಮೀ., ಗೋಡೆ ಮತ್ತು ತಳ 150 ಮಿ.ಮೀ. ದಪ್ಪ, ಉದ್ದ 100 ಮೀಟರ್ ಎಂದಿಟ್ಟುಕೊಳ್ಳಿ. ತಳಕ್ಕೆ 13.5 ಘನ ಮೀಟರ್, ಎರಡು ಗೋಡೆಗೆ 22.5 ಘನ ಮೀಟರ್, ಒಟ್ಟು 36 ಘನ ಮೀಟರ್ ಕಾಂಕ್ರೀಟ್ ಆಗುತ್ತದೆ. ರೆಡಿಮಿಕ್ಸ್ ಆದರೆ 6 ಘನ ಮೀಟರಿನ ಆರು ಲಾರಿ. ಸ್ಥಳದಲ್ಲೇ ಸಿಮೆಂಟ್, ಮರಳು, ಜಲ್ಲಿಯನ್ನು 1:1½:3 ಪ್ರಮಾಣದಲ್ಲಿ ಕಲಸುವುದಾದರೆ ಘನ ಮೀಟರಿಗೆ ಸುಮಾರು 8 ಚೀಲದಂತೆ 288 ಚೀಲ ಸಿಮೆಂಟ್. ಇದರ ಕೆಳಗೆ 1.1 ಮೀಟರ್ ಅಗಲ, 100 ಮಿ.ಮೀ. ದಪ್ಪದ 1:4:8 ಬೆಡ್ ಇದ್ದರೆ ಇನ್ನೊಂದು 37 ಚೀಲ. ಈ ಲೆಕ್ಕವನ್ನು ಕಾಮಗಾರಿ ಆರಂಭವಾಗುವ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ಮೇಲ್ವಿಚಾರಣೆ ಮುಗಿದಂತೆ. ಖಾಲಿ ಚೀಲ ಎಣಿಸಲು, ಲಾರಿಯ ಚೀಟಿ ಒಟ್ಟುಗೂಡಿಸಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ.

ಗೋಡೆ 150ರ ಬದಲು 125 ಮಿ.ಮೀ. ಆದರೆ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಆದರೆ ಆ ನೂರು ಮೀಟರಿನಲ್ಲಿ 3.75 ಘನ ಮೀಟರ್ ಕಾಂಕ್ರೀಟ್, ಸುಮಾರು 30 ಚೀಲ ಸಿಮೆಂಟ್ ಉಳಿಯಿತು. ಸೆಂಟ್ರಿಂಗ್ ಹಲಗೆ ನಿಲ್ಲಿಸಿದ ಮೇಲೆ, ಕಾಂಕ್ರೀಟ್ ಸುರಿಯುವ ಮೊದಲು, ಎರಡು ಹಲಗೆಗಳ ನಡುವಿನ ಅಂತರವನ್ನು ಹತ್ತು ಜಾಗದಲ್ಲಿ ಅಳೆಯಿರಿ. ಮೇಲೆ ಮಾತ್ರವಲ್ಲ, ಬುಡದಲ್ಲೂ. ಮೇಲೆ ಆರು ಇಂಚಿಗೆ ಅಡ್ಡಪಟ್ಟಿ ಹೊಡೆದು ಬುಡದಲ್ಲಿ ಹಲಗೆ ಒಳಗೆ ತಳ್ಳುವುದು ಹಳೆಯ ಚಾಳಿ.

ಕಬ್ಬಿಣದಲ್ಲೂ ಹಾಗೆಯೇ. ನಕ್ಷೆಯಲ್ಲಿ 150 ಮಿ.ಮೀ.ಗೊಂದು ನಿಲುವು ಸರಳು ಎಂದಿದ್ದು ಸ್ಥಳದಲ್ಲಿ 200ಕ್ಕೊಂದು ಕಟ್ಟಿದರೆ ಒಂದು ಗೋಡೆಯಲ್ಲಿ 667 ಸರಳಿನ ಜಾಗದಲ್ಲಿ 500 ಇರುತ್ತವೆ. ಕಾಲು ಭಾಗ ಕಬ್ಬಿಣ ಗಾಳಿಗೆ. ಒಂದು ಮೀಟರ್ ಅಳತೆಯೊಳಗೆ ಎಷ್ಟು ಸರಳು ಬಂದವು ಎಂದು ಎಣಿಸಿ: 150ರ ಅಂತರವಾದರೆ ಆರೇಳು ಬರಬೇಕು, ಐದೇ ಬಂದರೆ ಪ್ರಶ್ನಿಸಿ. ಸರಳಿನ ದಪ್ಪದ ಬಗ್ಗೆ ಅನುಮಾನ ಬಂದರೆ ಒಂದು ಮೀಟರ್ ತುಂಡು ತೂಗಿ. 8 ಮಿ.ಮೀ. ಸರಳು ಮೀಟರಿಗೆ 395 ಗ್ರಾಂ, 10 ಮಿ.ಮೀ. 617 ಗ್ರಾಂ, 12 ಮಿ.ಮೀ. 888 ಗ್ರಾಂ ತೂಗಬೇಕು. ಕಿರಾಣಿ ಅಂಗಡಿಯ ತಕ್ಕಡಿ ಸಾಕು. ಸರಳು ಮಣ್ಣಿಗೆ ತಾಗಿ ಮಲಗಿದ್ದರೆ, ಕೆಳಗೆ ಸರಳನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಬದಲು ಜಲ್ಲಿಕಲ್ಲು ಸಿಕ್ಕಿಸಿದ್ದರೆ, ಕೆಲವೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕಾಂಕ್ರೀಟ್ ಪದರವೇ ಸಿಪ್ಪೆಯೇಳುತ್ತದೆ.

ಆದರೆ ದಪ್ಪ, ಕಬ್ಬಿಣ ಎಲ್ಲ ಸರಿಯಿದ್ದೂ ನಿಂತ ನೀರಿನ ಚರಂಡಿಗಳು ಪ್ರತಿ ಬಡಾವಣೆಯಲ್ಲೂ ಇವೆ. ಕಾರಣ ವಾಟ. 200ಕ್ಕೆ 1ರ ವಾಟ ಎಂದರೆ ನೂರು ಮೀಟರಿಗೆ 50 ಸೆಂ.ಮೀ. ಇಳಿಯಬೇಕು. ಮೇಸ್ತ್ರಿ ರಸ್ತೆಯ ಮೇಲ್ಮೈ ನೋಡಿಕೊಂಡು ತಳ ಹಾಕುತ್ತಾ ಹೋದರೆ, ರಸ್ತೆ ಏರಿದಲ್ಲಿ ಚರಂಡಿಯೂ ಏರುತ್ತದೆ. ಬೆಡ್ ಹಾಕುವ ಮೊದಲು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಹತ್ತು ಮೀಟರಿಗೊಮ್ಮೆ ಮಟ್ಟ ನೋಡಿಸಿ. ಹತ್ತು ಮೀಟರಿಗೆ 5 ಸೆಂ.ಮೀ. ಇಳಿತ ಸಿಗಬೇಕು. ಕೊನೆಗೆ ಈ ಚರಂಡಿ ಸೇರುವ ದೊಡ್ಡ ಚರಂಡಿ ಅಥವಾ ರಾಜಕಾಲುವೆಯ ತಳ ಇದಕ್ಕಿಂತ ಕೆಳಗಿದೆಯೇ ಎಂಬುದನ್ನೂ ನೋಡಿ. ಅಂದಾಜುಪಟ್ಟಿ ಕಚೇರಿಯಲ್ಲೇ ಕುಳಿತು ತಯಾರಾದಾಗ ಈ ಒಂದು ಮಟ್ಟವನ್ನು ಯಾರೂ ತೆಗೆದಿರುವುದಿಲ್ಲ. ಇನ್ನೊಂದು ಎಡವಟ್ಟು, ರಸ್ತೆಯ ನೀರು ಚರಂಡಿಗೆ ಇಳಿಯುವ ಕಂಡಿ. ಮುಚ್ಚಳದ ಚಪ್ಪಡಿ ರಸ್ತೆಗಿಂತ ಎತ್ತರ, ಕಂಡಿಗಳು ಇಲ್ಲವೇ ಇಲ್ಲ ಅಥವಾ ರಸ್ತೆ ಮಟ್ಟಕ್ಕಿಂತ ಮೇಲೆ. ಮಳೆ ಬಂದಾಗ ಚರಂಡಿ ಖಾಲಿ, ರಸ್ತೆ ತುಂಬ ನೀರು. ಚಪ್ಪಡಿ ಹಾಸುವ ಮುನ್ನ ಮೇಲ್ತುದಿಯಲ್ಲಿ ಒಂದು ಟ್ಯಾಂಕರ್ ನೀರು ಬಿಡಿಸಿ, ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಸುಣ್ಣದಲ್ಲಿ ಗುರುತು ಹಾಕಿ. ಇಷ್ಟು ಸುಲಭದ ಪರೀಕ್ಷೆ ಬೇರೆ ಇಲ್ಲ, ಇಷ್ಟು ಅಪರೂಪದ್ದೂ ಇಲ್ಲ.

ಕಾಂಕ್ರೀಟಿನ ಗುಣಮಟ್ಟದ ವಿಚಾರಕ್ಕೆ ಬಂದರೆ, ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ತುಂಡನ್ನು ಒಡೆದು ನೋಡುವ ಘನ (ಕ್ಯೂಬ್) ಪರೀಕ್ಷೆಯ ವರದಿ ತೋರಿಸಿ ಬಾಯಿ ಮುಚ್ಚಿಸುವುದು ರೂಢಿ. ವರದಿ ನಿಜವೇ ಇರುತ್ತದೆ, ಆದರೆ ಆ ಘನ ನಿಮ್ಮ ಚರಂಡಿಯದ್ದಲ್ಲ. ಭಾರತೀಯ ಮಾನಕ ಐಎಸ್ 456ರ ಪ್ರಕಾರ 1ರಿಂದ 5 ಘನ ಮೀಟರಿಗೆ ಒಂದು ಮಾದರಿ, 6ರಿಂದ 15ಕ್ಕೆ ಎರಡು, 16ರಿಂದ 30ಕ್ಕೆ ಮೂರು, 31ರಿಂದ 50ಕ್ಕೆ ನಾಲ್ಕು ಮಾದರಿ ತೆಗೆಯಬೇಕು. ಒಂದು ಮಾದರಿಯೆಂದರೆ 150 ಮಿ.ಮೀ.ನ ಮೂರು ಘನ. ನಮ್ಮ 36 ಘನ ಮೀಟರ್ ಚರಂಡಿಗೆ ಹನ್ನೆರಡು ಘನಗಳಾದವು. ಸ್ಥಳದಲ್ಲಿ ಅಚ್ಚುಗಳೇ ಕಾಣದಿದ್ದರೆ, ಆ ಘನಗಳು ಎಲ್ಲಿ ಎರಕವಾದವು ಎಂದು ಕೇಳಿ. ಉಪಾಯ ಸರಳ: ಲಾರಿಯಿಂದ ಅಥವಾ ಮಿಕ್ಸರಿನಿಂದ ನೇರವಾಗಿ ಅಚ್ಚಿಗೆ ತುಂಬಿದ ಕೂಡಲೇ, ಹಸಿ ಇರುವಾಗಲೇ ಸದಸ್ಯರೊಬ್ಬರು ಮೊಳೆಯಲ್ಲಿ ದಿನಾಂಕ ಮತ್ತು ತಮ್ಮ ಸಣ್ಣ ಸಹಿ ಕೆತ್ತಲಿ. 28 ದಿನದ ನಂತರ ಪ್ರಯೋಗಾಲಯದಲ್ಲಿ ಒಡೆಯುವಾಗ ಅದೇ ಸಹಿ ಇದೆಯೇ ಎಂದು ನೋಡಿದರಾಯಿತು. ಎಂ20 ದರ್ಜೆಯ ಕಾಂಕ್ರೀಟ್ ಎಂದರೆ ಆಗ ಚದರ ಮಿ.ಮೀ.ಗೆ 20 ನ್ಯೂಟನ್ ತಾಳಬೇಕು.

ನೀರು ಇನ್ನೊಂದು ಶತ್ರು. 50 ಕೆ.ಜಿ. ಚೀಲಕ್ಕೆ 25 ಲೀಟರ್ ಆಸುಪಾಸು ಸಾಕು. ಕೂಲಿಯಾಳುಗಳಿಗೆ ಗಟ್ಟಿ ಕಾಂಕ್ರೀಟ್ ಎಳೆಯುವುದು ಕಷ್ಟ, ಹಾಗಾಗಿ ಬಕೆಟ್ ಬಕೆಟ್ ಸುರಿಯುತ್ತಾರೆ. ರೆಡಿಮಿಕ್ಸ್ ಲಾರಿ ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾದಾಗ ಚಾಲಕನೇ ಡ್ರಮ್ಮಿಗೆ ಪೈಪ್ ಹಾಕುತ್ತಾನೆ. ಬ್ಯಾಚಿಂಗ್ ಚೀಟಿಯಲ್ಲಿ ತುಂಬಿದ ಸಮಯ ಇರುತ್ತದೆ. ಎರಡು ಗಂಟೆಯೊಳಗೆ ಇಳಿಸಬೇಕೆಂಬುದು ಐಎಸ್ 4926ರ ಕಟ್ಟಳೆ. ಮೀರಿದ್ದರೆ ಲಾರಿ ವಾಪಸ್. ಈ ಮಾತು ಹೇಳುವ ಧೈರ್ಯ ಜೆಇಗೆ ಬರಬೇಕಾದರೆ ಪಕ್ಕದಲ್ಲಿ ಸಮಿತಿಯವರೊಬ್ಬರು ನಿಂತಿರಬೇಕು. ಆಮೇಲೆ ಕ್ಯೂರಿಂಗ್. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ, ಬಿರುಬಿಸಿಲಿನ ಕಾಲದಲ್ಲಿ 14 ದಿನ ಒದ್ದೆಯಾಗಿರಬೇಕು. ಮೊದಲ ದಿನ ಗೋಣಿಚೀಲ ಹೊದಿಸಿ ಫೋಟೊ ತೆಗೆದು, ಮೂರನೆಯ ದಿನ ಚೀಲವೂ ಇಲ್ಲ ನೀರೂ ಇಲ್ಲ ಎನ್ನುವುದು ಸಾಮಾನ್ಯ. ಎದುರುಮನೆಯವರೇ ಇದರ ಒಳ್ಳೆಯ ಕಾವಲುಗಾರರು.

ಕಾಂಕ್ರೀಟ್ ರಸ್ತೆಗೆ ಮೇಲಿನದೆಲ್ಲ ಅನ್ವಯಿಸುತ್ತದೆ, ಜೊತೆಗೆ ಒಂದು ಮಾತು. ಹೊಸ ಕಾಂಕ್ರೀಟ್ ರಸ್ತೆಯಲ್ಲಿ ಅಡ್ಡಾದಿಡ್ಡಿ ಬಿರುಕು ಬಿಟ್ಟರೆ ಜನ ‘ಸಿಮೆಂಟ್ ಕಡಿಮೆ ಹಾಕಿದ್ದಾರೆ’ ಎನ್ನುತ್ತಾರೆ. ಎಷ್ಟೋ ಸಲ ಸಿಮೆಂಟ್ ಸರಿಯಾಗಿಯೇ ಇದ್ದು ಜಾಯಿಂಟ್ ಕತ್ತರಿಸುವುದು ತಡವಾಗಿರುತ್ತದೆ. 200 ಮಿ.ಮೀ. ದಪ್ಪದ ಹಾಸಿಗೆ ಸುಮಾರು ನಾಲ್ಕೂವರೆ ಮೀಟರಿಗೊಂದು ಅಡ್ಡಗೀರು, ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಆಳಕ್ಕೆ, ಅಂದರೆ 50ರಿಂದ 65 ಮಿ.ಮೀ., ಕಾಂಕ್ರೀಟ್ ಹಾಕಿದ 24 ಗಂಟೆಯೊಳಗೆ ಕೊಯ್ದಿರಬೇಕು. ಕಟಿಂಗ್ ಯಂತ್ರ ಒಂದೇ ಇದ್ದು ಅದು ಇನ್ನೊಂದು ಸೈಟಿನಲ್ಲಿದ್ದರೆ, ರಸ್ತೆ ತನಗೆ ಬೇಕಾದ ಕಡೆ ತಾನೇ ಸೀಳಿಕೊಳ್ಳುತ್ತದೆ. ಯಂತ್ರ ಸ್ಥಳಕ್ಕೆ ಬರುವ ತನಕ ಕಾಂಕ್ರೀಟ್ ಆರಂಭಿಸಬೇಡಿ ಎಂದು ಹೇಳಿ, ಅಷ್ಟೆ.

ಡಾಂಬರಿನಲ್ಲಿ ನೋಡಬೇಕಾದ್ದು ತೂಕ ಮತ್ತು ಉಷ್ಣ. 200 ಮೀಟರ್ ಉದ್ದ, 5 ಮೀಟರ್ ಅಗಲದ ರಸ್ತೆಗೆ 30 ಮಿ.ಮೀ. ಮೇಲ್ಪದರವೆಂದರೆ 30 ಘನ ಮೀಟರ್. ಗಟ್ಟಿಯಾದ ಡಾಂಬರು ಮಿಶ್ರಣ ಘನ ಮೀಟರಿಗೆ 2.3ರಿಂದ 2.4 ಟನ್ ತೂಗುತ್ತದೆ, ಅಂದರೆ 70 ಟನ್ ಬರಬೇಕು. ಟಿಪ್ಪರ್‌ಗಳ ತೂಕದ ಚೀಟಿ ಕೂಡಿಸಿ. 47 ಟನ್ ಬಂದಿದ್ದರೆ ನಿಮ್ಮ ರಸ್ತೆ 20 ಮಿ.ಮೀ. ದಪ್ಪದ್ದು, ಬಿಲ್ಲಿನಲ್ಲಿ ಏನೇ ಬರೆದಿರಲಿ. ಅಂಚಿನಲ್ಲಿ ಮಾತ್ರ ದಪ್ಪ ಬಿಟ್ಟು ನಡುವೆ ತೆಳು ಮಾಡುವುದುಂಟು. ಅಂಚಿನಲ್ಲಿ ಸ್ಕೇಲ್ ಇಟ್ಟು ತೃಪ್ತಿಪಡುವವರಿಗೆ ಅದು ಗೊತ್ತಾಗದು, ಚೀಟಿಗಳ ಮೊತ್ತ ಮಾತ್ರ ಸುಳ್ಳು ಹೇಳದು. ತೂಕಸೇತುವೆಯೇ ಸುಳ್ಳು ಹೇಳಿದರೆ ಎಂಬ ಅನುಮಾನವಿದ್ದರೆ ಒಂದು ಲಾರಿಯನ್ನು ಬೇರೆ ಕಡೆ ತೂಗಿಸಿ.

ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ ಹರಡುವಾಗ ಕನಿಷ್ಠ 140 ಡಿಗ್ರಿ ಸೆಲ್ಸಿಯಸ್ ಇರಬೇಕು, ರೋಲರ್ ಕೆಲಸ 90 ಡಿಗ್ರಿಗೆ ಇಳಿಯುವ ಮೊದಲು ಮುಗಿಯಬೇಕು. ಕಡ್ಡಿಯಂಥ ಥರ್ಮಾಮೀಟರನ್ನು ಟಿಪ್ಪರಿನ ರಾಶಿಯೊಳಗೆ ಚುಚ್ಚಿದರೆ ಗೊತ್ತಾಗುತ್ತದೆ. ಪ್ಲಾಂಟ್ ದೂರವಿದ್ದು, ಟಾರ್ಪಾಲ್ ಮುಚ್ಚದೆ, ರಾತ್ರಿಯ ಚಳಿಯಲ್ಲಿ ಬಂದ ಮಿಶ್ರಣ ಮೇಲೆ ಕಪ್ಪಗೆ ಹೊಳೆದರೂ ಒಳಗೆ ಕಚ್ಚಿಕೊಳ್ಳುವುದಿಲ್ಲ, ಮೊದಲ ಮಳೆಗೆ ಜಲ್ಲಿ ಉದುರುತ್ತದೆ. ಹಳೆಯ ರಸ್ತೆಯ ಮೇಲೆ ಹೊಡೆಯುವ ಟ್ಯಾಕ್ ಕೋಟ್, ಅಂದರೆ ಎರಡು ಪದರ ಅಂಟಿಸುವ ಎಮಲ್ಷನ್ (ನೀರು ಬೆರೆತ ಡಾಂಬರು), ಚದರ ಮೀಟರಿಗೆ 200ರಿಂದ 300 ಗ್ರಾಂ ಇರಬೇಕು. ಹೊಡೆದಾಗ ಕಂದು ಬಣ್ಣ, ನೀರು ಬಿಟ್ಟುಕೊಂಡ ಮೇಲೆ ಕಪ್ಪು. ಕಂದು ಇರುವಾಗಲೇ ಮೇಲೆ ಡಾಂಬರು ಸುರಿದರೆ ಎರಡು ಪದರ ಅಂಟುವುದಿಲ್ಲ. ಧೂಳು ಗುಡಿಸದೆ ಹೊಡೆದರೆ ಧೂಳಿಗೆ ಅಂಟುತ್ತದೆ, ರಸ್ತೆಗಲ್ಲ. ಹಾಸಿದ ತಿಂಗಳಲ್ಲೇ ಚಪಾತಿಯ ಹಾಗೆ ಎದ್ದುಬರುವ ರಸ್ತೆಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಹಳೆಯ ಪದರ ಕೆರೆಯದೆ ಮೇಲೆ ಮೇಲೆ ಹಾಕುತ್ತಾ ಹೋಗಿ ರಸ್ತೆ ಮನೆಯ ಹೊಸ್ತಿಲಿಗಿಂತ ಎತ್ತರವಾದದ್ದನ್ನು ಎಲ್ಲರೂ ಕಂಡಿದ್ದೀರಿ. ಅಂದಾಜುಪಟ್ಟಿಯಲ್ಲಿ ಮಿಲ್ಲಿಂಗ್ (ಹಳೆಯ ಪದರ ಕೆರೆಯುವ) ಐಟಂ ಇದೆಯೇ ನೋಡಿ. ಇದ್ದು ಮಾಡದಿದ್ದರೆ ಅದು ಬಿಲ್ಲಿನ ಪ್ರಶ್ನೆ, ಇಲ್ಲವೇ ಇಲ್ಲದಿದ್ದರೆ ಅಂದಾಜು ಮಾಡಿದವರ ಪ್ರಶ್ನೆ.

ಅಗೆದು ಮುಚ್ಚುವ ಕೆಲಸಕ್ಕೆ ಯಾರೂ ಬೆಲೆ ಕೊಡುವುದಿಲ್ಲ, ಆದರೆ ನಗರದ ಗುಂಡಿಗಳಲ್ಲಿ ದೊಡ್ಡ ಪಾಲು ಅದರದ್ದೇ. ಯುಜಿಡಿ (ಒಳಚರಂಡಿ), ಕುಡಿಯುವ ನೀರು, ಗ್ಯಾಸ್, ಕೇಬಲ್, ಪ್ರತಿಯೊಬ್ಬರೂ ತಮ್ಮ ಸರದಿಯಲ್ಲಿ ಅಗೆಯುತ್ತಾರೆ. ಕಂದಕಕ್ಕೆ ಮಣ್ಣು ತುಂಬುವಾಗ 150ರಿಂದ 200 ಮಿ.ಮೀ. ಪದರಗಳಲ್ಲಿ ನೀರು ಹಾಕಿ ದಮ್ಮಸ್ಸು ಮಾಡಬೇಕು. ಜೆಸಿಬಿ ಒಂದೇ ಸಲ ಎಳೆದು ಮೇಲೆ ಚಕ್ರ ಓಡಿಸುವುದನ್ನು ತುಂಬುವುದು ಎನ್ನಲಾಗದು. ಮುಚ್ಚಿದ ಮೇಲೆ 12 ಮಿ.ಮೀ. ಸರಳೊಂದನ್ನು ಕೈಯಲ್ಲೇ ಒತ್ತಿ ನೋಡಿ: ಮೊಣಕಾಲುದ್ದ ಸಲೀಸಾಗಿ ಇಳಿದರೆ ಮೇಲೆ ಡಾಂಬರು ಹಾಕಲು ಬಿಡಬೇಡಿ. ಒಳಚರಂಡಿ ಕೊಳವೆ ನೇರವಿದೆಯೇ ಎಂದು ನೋಡಲು ಒಂದು ಮ್ಯಾನ್‌ಹೋಲಿನಲ್ಲಿ ದೀಪ, ಇನ್ನೊಂದರಲ್ಲಿ ಕನ್ನಡಿ ಹಿಡಿಯುವುದು ಹಳೆಯ ಪದ್ಧತಿ. ಕನ್ನಡಿಯಲ್ಲಿ ಪೂರ್ತಿ ದುಂಡನೆಯ ಬೆಳಕು ಕಾಣಬೇಕು, ಅರ್ಧಚಂದ್ರ ಕಂಡರೆ ನಡುವೆ ಪೈಪ್ ಕುಸಿದಿದೆ. ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಎಲ್‌ಡಿ-2.5, ಎಂಡಿ-10, ಎಚ್‌ಡಿ-20, ಇಎಚ್‌ಡಿ-35 ಎಂದು, ಎಷ್ಟು ಟನ್ ಭಾರ ತಾಳುತ್ತದೆ ಎಂಬುದರ ಗುರುತಿರುತ್ತದೆ. ಬಸ್ಸು ಓಡುವ ರಸ್ತೆಯಲ್ಲಿ ಎಂಡಿ-10 ಹಾಕಿದ್ದರೆ ಅದು ಒಡೆಯುವುದು ಮುಚ್ಚಳದ ತಪ್ಪಲ್ಲ.

ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆಗಳಲ್ಲಿ ಕೊಳವೆ, ಕೇಬಲ್‌ಗಳಿಗೆ ಪಾದಚಾರಿ ಮಾರ್ಗದ ಕೆಳಗೆ ಮೊದಲೇ ಜಾಗ ಮಾಡಿದ್ದು ಈ ಅಗೆತ ತಪ್ಪಿಸಲೆಂದೇ. ಅಷ್ಟು ಖರ್ಚಿನ ರಸ್ತೆ ಎಲ್ಲ ವಾರ್ಡಿಗೂ ಸಾಧ್ಯವಿಲ್ಲ. ಆದರೆ ಹೊಸ ರಸ್ತೆ ಹಾಕುವ ಮುನ್ನ ಅಡ್ಡಲಾಗಿ ಐವತ್ತು ಮೀಟರಿಗೊಂದು ಖಾಲಿ ಕೊಳವೆ ಹೂಳಲು ಹೆಚ್ಚು ಹಣ ಬೇಡ.

ಪಾದಚಾರಿ ಮಾರ್ಗದ ಬಗ್ಗೆ ಎರಡೇ ಮಾತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 103ರ ಪ್ರಕಾರ ಕರ್ಬ್ ಎತ್ತರ 150 ಮಿ.ಮೀ. ಮೀರಬಾರದು, ಅಡೆತಡೆಯಿಲ್ಲದ ಅಗಲ 1.8 ಮೀಟರ್ ಇರಬೇಕು. ವಯಸ್ಸಾದವರು ಹತ್ತಲಾರದ ಒಂದಡಿ ಎತ್ತರದ ಫುಟ್‌ಪಾತನ್ನು ಸಮಿತಿ ನಕ್ಷೆಯ ಹಂತದಲ್ಲೇ ತಿದ್ದಿಸಬೇಕು. ಪೇವರ್ ಬ್ಲಾಕ್ ಕುಸಿಯುವುದು ಬ್ಲಾಕಿನಿಂದಲ್ಲ, ಕೆಳಗಿನ ತಳಪದರ ಬಿಟ್ಟು ಬರೀ ಮರಳಿನ ಮೇಲೆ ಕೂರಿಸಿದ್ದರಿಂದ.

ಮಣ್ಣಿನ ವಿಚಾರವನ್ನು ಊರೂರಿಗೆ ಬೇರೆಯಾಗಿಯೇ ನೋಡಬೇಕು. ಹುಬ್ಬಳ್ಳಿ, ಕಲಬುರಗಿ, ವಿಜಯಪುರದ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ನೆನೆದಾಗ ಅದರ ಸಿಬಿಆರ್ (ಭಾರ ತಾಳುವ ಶಕ್ತಿಯ ಅಳತೆ) ಶೇ 2–3ಕ್ಕಿಳಿಯುವುದುಂಟು. ಅಲ್ಲಿ ಮೇಲ್ಪದರ ಎಷ್ಟು ದಪ್ಪ ಎನ್ನುವುದಕ್ಕಿಂತ ಎರೆ ಎಷ್ಟು ಆಳ ತೆಗೆದು ಗರಸು ತುಂಬಿದರು ಎಂಬುದೇ ಮುಖ್ಯ, ಅದು ಕಾಣುವುದು ಅಗೆತದ ದಿನ ಮಾತ್ರ. ಮಂಗಳೂರಿನ ಕಡೆ ಮುರಕಲ್ಲಿನ ನೆಲ ಗಟ್ಟಿಯೇ, ಆದರೆ ಮಳೆ ಬಿಡುವುದಿಲ್ಲ. ರಸ್ತೆಯ ನಡುವಿನ ಉಬ್ಬು, ಶೇ 2.5ರ ಓರೆ, ತಪ್ಪಿದರೆ ನೀರು ನಿಂತು ಡಾಂಬರು ಬಿಡುತ್ತದೆ. 5 ಮೀಟರ್ ರಸ್ತೆಗೆ ಅದು ನಡುವೆ ಸುಮಾರು 6 ಸೆಂ.ಮೀ. ಏರು. ದಾರ ಕಟ್ಟಿ ನೋಡಬಹುದು.

ಇಷ್ಟೆಲ್ಲ ನೋಡಿದ್ದು ಎಂಬಿಗೆ, ಅಂದರೆ ಅಳತೆ ಪುಸ್ತಕಕ್ಕೆ, ಸೇರದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. ಅಳತೆ ಪುಸ್ತಕದಲ್ಲಿ ಬರೆದದ್ದಕ್ಕೆ ಮಾತ್ರ ಹಣ ಹೋಗುತ್ತದೆ. ಜೆಇ ಅಳೆದು ಬರೆಯಬೇಕು, ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಪರಿಶೀಲನಾ ಅಳತೆ ಮಾಡಬೇಕು, ಪುಟಗಳಿಗೆ ಮೊದಲೇ ಸಂಖ್ಯೆ ಇರಬೇಕು, ತಿದ್ದುವುದಾದರೆ ಗೀಟು ಎಳೆದು ಸಹಿ ಹಾಕಬೇಕು. ಅಂದಾಜಿನ ಅಂಕಿಯೇ ಎಂಬಿಯಲ್ಲೂ ದಶಮಾಂಶದವರೆಗೆ ಹಾಗೇ ಕೂತಿದ್ದರೆ ಯಾರೂ ಟೇಪ್ ಹಿಡಿದಿಲ್ಲ ಎಂದೇ ತಿಳಿಯಿರಿ. ನೆಲ ಯಾವತ್ತೂ ಅಂದಾಜಿಗೆ ಸರಿಯಾಗಿ ಹೊಂದುವುದಿಲ್ಲ. ಸಮಿತಿ ಪ್ರತಿ ಬಿಲ್ಲಿಗೆ ಮುನ್ನ ಎಂಬಿಯ ಸಂಬಂಧಿಸಿದ ಪುಟಗಳ ನಕಲು ಕೇಳಿ, ತಮ್ಮ ಟಿಪ್ಪಣಿಯ ಜೊತೆ ಹೋಲಿಸಿ, ವ್ಯತ್ಯಾಸವನ್ನು ನಡಾವಳಿಯಲ್ಲಿ ಬರೆದು ಎಇಇಗೂ ಲೆಕ್ಕಪತ್ರ ಸ್ಥಾಯಿ ಸಮಿತಿಗೂ ಕಳುಹಿಸಬೇಕು. ಬಿಲ್ ತಡೆಯುವ ಅಧಿಕಾರ ಸಮಿತಿಗಿಲ್ಲ, ನಿಜ. ಆದರೆ ಬರವಣಿಗೆಯಲ್ಲಿ ಆಕ್ಷೇಪ ಇದ್ದೂ ಸಹಿ ಹಾಕಿದ ಅಧಿಕಾರಿಗೆ ಮುಂದೆ ಲೆಕ್ಕಪರಿಶೋಧನೆಯಲ್ಲಿ ‘ನನ್ನ ಗಮನಕ್ಕೆ ಬರಲಿಲ್ಲ’ ಎನ್ನಲು ಬರುವುದಿಲ್ಲ. ಇಲಾಖೆಯವರು ನಿಜಕ್ಕೂ ಹೆದರುವುದು ಇದಕ್ಕೆ, ಧರಣಿಗಲ್ಲ.

ಕಾಗದ ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಇದೆ. ದಾಖಲೆಯ ನಕಲು ಮಾತ್ರವಲ್ಲ, ಕಾಮಗಾರಿಯ ಪರಿಶೀಲನೆ ಮತ್ತು ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಅದು ಕೊಡುತ್ತದೆ. ಇದನ್ನು ಬಳಸಿದವರು ಕಡಿಮೆ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗೆ ಇರಬೇಕು. ಹಾಗಾಗಿ ಇಡೀ ವಾರ್ಡಿನ ಕಾಮಗಾರಿ ಕೇಳಿ ತಿರಸ್ಕಾರಕ್ಕೆ ದಾರಿ ಮಾಡಿಕೊಡಬೇಡಿ, ಒಂದು ಕಾಮಗಾರಿ, ಒಂದು ಅರ್ಜಿ.

ಹೊರಗಿನ ಸಂಸ್ಥೆಯ (ಥರ್ಡ್ ಪಾರ್ಟಿ) ತಪಾಸಣೆ ಇದೆಯಲ್ಲ ಎನ್ನುವವರಿಗೆ: ಅವರು ಬರುವುದು ಹೆಚ್ಚಾಗಿ ಕೆಲಸ ಮುಗಿದ ಮೇಲೆ, ನೋಡುವುದು ತೋರಿಸಿದ್ದನ್ನು. ಇನ್ನೂ ತಡವಾಗಿ ಬರುವುದು ವಿಚಾರಣಾ ಆಯೋಗ. ಬೆಂಗಳೂರಿನ ಕಾಮಗಾರಿಗಳ ಬಗ್ಗೆ 2023ರಲ್ಲಿ ನೇಮಕವಾದ ನ್ಯಾಯಮೂರ್ತಿ ಎಚ್‌.ಎನ್‌. ನಾಗಮೋಹನ ದಾಸ್ ಆಯೋಗ ವರದಿ ಕೊಟ್ಟದ್ದು 2025ರಲ್ಲಿ. ವರದಿಯ ಮಹತ್ವ ಅಲ್ಲಗಳೆಯುತ್ತಿಲ್ಲ. ಆದರೆ ಅಷ್ಟು ಹೊತ್ತಿಗೆ ಬೆಡ್ ಕಾಂಕ್ರೀಟ್ ಎಷ್ಟಿತ್ತು ಎಂದು ತಿಳಿಯಲು ರಸ್ತೆಯನ್ನೇ ಕೊರೆಯಬೇಕು.

ಗುತ್ತಿಗೆದಾರರ ಪಾಲಿನ ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅಂದಾಜಿಗಿಂತ ಶೇ 25 ಕಡಿಮೆಗೆ ಟೆಂಡರ್ ಹಿಡಿದು, ಬಿಲ್ಲಿಗಾಗಿ ವರ್ಷಗಟ್ಟಲೆ ಕಾದು, ನಡುವೆ ಕೊಡಬೇಕಾದವರಿಗೆಲ್ಲ ಕೊಟ್ಟು ಉಳಿದ ಹಣದಲ್ಲಿ ನಕ್ಷೆಯ ಪ್ರಕಾರ ಕೆಲಸ ಮಾಡಲು ಯಾರಿಂದಲೂ ಆಗದು. ಟೆಂಡರ್ ದರ ತೀರಾ ಕಡಿಮೆ ಇದ್ದಾಗ ಸಮಿತಿ ಖುಷಿಪಡುವ ಬದಲು, ಯಾವ ಐಟಂನಲ್ಲಿ ಕಡಿಮೆ ತುಂಬಿದ್ದಾರೆ ಎಂದು ನೋಡಿ ಆ ಐಟಂನ ದಿನ ತಪ್ಪದೆ ಹಾಜರಿರಲಿ. ಸರಿಯಾಗಿ ಮಾಡಿದ ಕೆಲಸಕ್ಕೆ ‘ಸರಿಯಿದೆ’ ಎಂದು ಲಿಖಿತವಾಗಿ ಕೊಡುವುದೂ ಸಮಿತಿಯ ಕೆಲಸವೇ. ಅದರಿಂದ ಒಳ್ಳೆಯ ಗುತ್ತಿಗೆದಾರನ ಬಿಲ್ ಬೇಗ ಹೊರಡುತ್ತದೆ.

ಸಮಿತಿಗಳ ಸ್ವಂತ ಕಾಯಿಲೆಗಳೂ ಇವೆ. ಸದಸ್ಯರು ಮೇಸ್ತ್ರಿಗೆ ನೇರವಾಗಿ ಆದೇಶ ಕೊಡುವುದು, ತಮ್ಮ ಮನೆ ಮುಂದೆ ರ‍್ಯಾಂಪ್ ಸೇರಿಸುವಂತೆ ಹೇಳುವುದು, ಚರಂಡಿಯ ಮಾರ್ಗ ತಿರುಗಿಸುವುದು. ಒಮ್ಮೆ ಹೀಗೆ ಮಾಡಿದರೆ ಮುಂದಿನ ಆಕ್ಷೇಪಕ್ಕೆ ಬೆಲೆಯಿಲ್ಲ, ವಿನ್ಯಾಸ ಬದಲಾದ ಹೊಣೆಯೂ ತಲೆಗೆ ಬರುತ್ತದೆ. ನೋಡಬೇಕು, ಅಳೆಯಬೇಕು, ಬರೆಯಬೇಕು, ಹೇಳುವುದಿದ್ದರೆ ಜೆಇಗೆ ಹೇಳಬೇಕು. ಸಾಮಗ್ರಿ ಪೂರೈಸುವ ವ್ಯಾಪಾರವಿರುವ ಸದಸ್ಯರು ಆ ಕಾಮಗಾರಿಯ ಮಟ್ಟಿಗೆ ದೂರವಿರಲಿ.

ಚುನಾಯಿತ ಪರಿಷತ್ತು ಇಲ್ಲದ ಕಡೆ ಸಮಸ್ಯೆ ಬೇರೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪರಿಷತ್ತಿನ ಅವಧಿ ಮುಗಿದ ಮೇಲೆ ವಾರ್ಡ್ ಸಮಿತಿ ಸಭೆಗಳನ್ನು ನೋಡಲ್ ಅಧಿಕಾರಿಗಳು ನಡೆಸಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು. ಅಧಿಕಾರಿಯ ಕೆಲಸವನ್ನು ಅಧಿಕಾರಿಯೇ ಅಧ್ಯಕ್ಷತೆ ವಹಿಸಿ ಪರಿಶೀಲಿಸುವುದೆಂದರೆ ಏನೆಂದು ವಿವರಿಸಬೇಕಿಲ್ಲ. ಅಂಥ ಕಡೆ ಕನಿಷ್ಠ, ಕಾಮಗಾರಿ ನಡೆಸುವ ವಿಭಾಗದವರನ್ನು ಬಿಟ್ಟು ಬೇರೆ ವಿಭಾಗದ ಅಧಿಕಾರಿ ನೋಡಲ್ ಆಗಿರಲಿ.

ಕೊನೆಯದು ದೋಷ ಹೊಣೆಗಾರಿಕೆ ಅವಧಿ. ಒಪ್ಪಂದದಲ್ಲಿ ಬರೆದ ಅವಧಿಯೊಳಗೆ ಕೆಟ್ಟದ್ದನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು, ಅಲ್ಲಿಯವರೆಗೆ ಅವನ ಭದ್ರತಾ ಠೇವಣಿ ಪಾಲಿಕೆಯ ಬಳಿ ಇರುತ್ತದೆ. ಅವಧಿ ಯಾವಾಗ ಮುಗಿಯುತ್ತದೆ ಎಂದು ವಾರ್ಡಿನಲ್ಲಿ ಯಾರಿಗೂ ಗೊತ್ತಿಲ್ಲದ ಕಾರಣ, ಠೇವಣಿ ವಾಪಸಾದ ಮರುತಿಂಗಳು ಅದೇ ರಸ್ತೆಯ ದುರಸ್ತಿಗೆ ಹೊಸ ಅಂದಾಜು ತಯಾರಾಗುತ್ತದೆ. ಪ್ರತಿ ಸಮಿತಿ ಒಂದು ನೋಟ್‌ಬುಕ್ಕಿನಲ್ಲಿ ಕಾಮಗಾರಿಯ ಹೆಸರು, ಮುಗಿದ ದಿನ, ಅವಧಿ ಮುಗಿಯುವ ದಿನ, ಠೇವಣಿಯ ಮೊತ್ತ ಬರೆದಿಟ್ಟು, ಅವಧಿಗೆ ಎರಡು ತಿಂಗಳಿರುವಾಗ, ಸಾಧ್ಯವಾದರೆ ಮಳೆ ನಿಂತ ಕೂಡಲೇ, ಸ್ಥಳ ಪರಿಶೀಲಿಸಿ ದೋಷಪಟ್ಟಿ ಕಳುಹಿಸಲಿ. ಪಾಲಿಕೆಗಳು ಈ ದಿನಾಂಕಗಳನ್ನು ವಾರ್ಡ್‌ವಾರು ಪ್ರಕಟಿಸಬೇಕು. ಅವು ಪ್ರಕಟಿಸದಿದ್ದರೆ, ನಿಮ್ಮ ನಗರ ಪುಟದಲ್ಲಿ ತಿಂಗಳಿಗೊಮ್ಮೆ ಅರ್ಧ ಕಾಲಂ ಜಾಗ ಕೊಡಲು ಸಾಧ್ಯವೇ ಎಂದು ಕೇಳುತ್ತಿದ್ದೇವೆ. ಪಟ್ಟಿ ಒದಗಿಸುವ ಕೆಲಸ ಸಮಿತಿಗಳದ್ದು.

ಇತಿ,
ಕೆಲವು ನಿವೃತ್ತ ಕಾಮಗಾರಿ ಎಂಜಿನಿಯರುಗಳು